ಹ್ಯಾಂಡಲ್ ತಿರುಗಿಸಿದ್ದಕ್ಕೆ ಆದದ್ದು

ಗುಜರಿಯ ಕರೀ ಸೈಕಲ್ಲೊಂದನ್ನು ಪಂದ್ಯಕ್ಕೆ ಅಂತ ಹಳೇ ಕಾಲದ ರೇಸ್ ಸೈಕಲ್ ಥರ ಕಟ್ಟಿದ ಬಗ್ಗೆ ಒಂದು ಭಾನುವಾರ ಬೆಳಿಗ್ಗೆ ಬಸವನಗುಡಿಯಲ್ಲಿ ಆಡಿದ ಮಾತಿನ ಬರಹ ರೂಪ ಇದು. ಎರಡೆರಡು ಸಲ ಹೇಳಿದ್ದನ್ನು ಒಂದಕ್ಕೆ ಇಳಿಸಿದ್ದೇನೆ. ಅಲ್ಲಿ ಕೈಯಲ್ಲಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ಹೇಳಲು ಸ್ವಲ್ಪ ಒದ್ದಾಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಈ ಸೈಕಲ್ಲನ್ನು ಗೋಡೆಗೆ ಒರಗಿಸಿದ್ದೇನೆ, ಯಾಕೆಂದರೆ ಇದಕ್ಕೆ ಸ್ಟ್ಯಾಂಡ್ ಇಲ್ಲ. ಒಳಗೆ ಬಂದವರಲ್ಲಿ ನಾಲ್ಕು ಜನ ಆಗಲೇ ‘ಸ್ಟ್ಯಾಂಡ್ ಎಲ್ಲಿ?’ ಅಂತ ಕೇಳಿದರು. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಚೈನ್ ಕವರ್ ಇಲ್ಲ. ಹ್ಯಾಂಡಲ್ ಬೇರೆ ತಲೆಕೆಳಗಾಗಿದೆ. ಹಿರಿಯರೊಬ್ಬರು ಮೆಲ್ಲಗೆ ‘ಆಕ್ಸಿಡೆಂಟ್ ಆಗಿತ್ತೇನಮ್ಮ?’ ಅಂದರು. ಇಲ್ಲ ಸಾರ್, ದುಡ್ಡು ಕೊಟ್ಟು ಹೀಗೆ ಮಾಡಿಸಿಕೊಂಡಿದ್ದು.

ನನ್ನ ಕಸುಬು ಲೆಕ್ಕ ಬರೆಯುವುದು. ಸೈಕಲ್ ಕಲಿತದ್ದು ಅಪ್ಪನ ಕರೀ ಸೈಕಲ್ಲಿನಲ್ಲಿ, ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆಯುತ್ತಾ. ಸೀಟಿನ ಮೇಲೆ ಕೂರುವಷ್ಟು ಎತ್ತರ ಬೆಳೆಯುವ ಹೊತ್ತಿಗೆ ಮನೆಗೆ ಸ್ಕೂಟರ್ ಬಂತು. ಹಾಗಾಗಿ ಆ ಸೈಕಲ್ಲಿನ ಸೀಟಿನ ಮೇಲೆ ನಾನು ಕೂತೇ ಇಲ್ಲ. ಈ ಹುಚ್ಚಿಗೆ ಅದೇ ಮೂಲ ಅಂತ ಮನೆಯವರು ಹೇಳುತ್ತಾರೆ. ಇರಬಹುದು.

ಹಳೇ ಸೈಕಲ್ಲನ್ನು ಮತ್ತೆ ಕಟ್ಟುವ ಪಂದ್ಯದ ವಿಷಯಕ್ಕೆ ಬರುತ್ತೇನೆ. ದೊಡ್ಡದೇನಲ್ಲ, ಹಳೇ ಸೈಕಲ್ ಹುಚ್ಚಿರುವ ಇಪ್ಪತ್ತು ಚಿಲ್ಲರೆ ಜನ ಸೇರಿ ಮಾಡಿಕೊಂಡದ್ದು. ಬ್ಯಾನರ್ ಇಲ್ಲ, ಸ್ಪಾನ್ಸರ್ ಇಲ್ಲ. ನಿಯಮ ಮಾತ್ರ ಕಟ್ಟುನಿಟ್ಟು. ಮೂರು ತಿಂಗಳು ಸಮಯ. ಖರ್ಚು 15,000 ರೂಪಾಯಿ ದಾಟಬಾರದು. ಫ್ರೇಮ್ ಹಳೆಯದೇ ಆಗಬೇಕು. ನೋಡಿದರೆ ಸ್ವಾತಂತ್ರ್ಯ ಬರುವುದಕ್ಕಿಂತ ಮುಂಚಿನ ಸೈಕಲ್ ಅನ್ನಿಸಬೇಕು. ಎರಡು ಬ್ರೇಕ್ ಇರಬೇಕು, ಎರಡೂ ಹಿಡಿಯಬೇಕು. ಪಂದ್ಯದ ದಿನ ಸೈಕಲ್ಲನ್ನು ಟೆಂಪೋಗೆ ಹಾಕಿಕೊಂಡು ಬರುವಂತಿಲ್ಲ, ತುಳಿದುಕೊಂಡೇ ಕಬ್ಬನ್ ಪಾರ್ಕಿಗೆ ಬರಬೇಕು. ಕೊನೆಯ ಈ ಎರಡು ನಿಯಮ ನನ್ನನ್ನು ಹಣ್ಣುಗಾಯಿ ನೀರುಗಾಯಿ ಮಾಡಿದವು.

ನಾನು ಆರಿಸಿಕೊಂಡದ್ದು ‘ಪಾತ್ ರೇಸರ್’ ಅನ್ನುವ ಶೈಲಿ. ಇಂಗ್ಲೆಂಡಿನಲ್ಲಿ 1900ರಿಂದ 1930ರ ದಶಕದವರೆಗೆ ಚಾಲ್ತಿಯಲ್ಲಿತ್ತು. ಪಾತ್ ಅಂದರೆ ರೇಸಿನ ಟ್ರ್ಯಾಕು. ದುಡ್ಡಿದ್ದವರು ರೇಸಿಗೆ ಅಂತ ಬೇರೆ ಸೈಕಲ್ ಕೊಳ್ಳುತ್ತಿದ್ದರು. ಇಲ್ಲದವರು ಕೆಲಸಕ್ಕೆ ಹೋಗುವ ಸೈಕಲ್ಲಿನಿಂದಲೇ ಮಡ್‌ಗಾರ್ಡ್, ದೀಪ, ಕ್ಯಾರಿಯರ್ ಎಲ್ಲ ಬಿಚ್ಚಿ, ಹ್ಯಾಂಡಲ್ಲನ್ನು ಕೆಳಮುಖ ತಿರುಗಿಸಿ, ಬಗ್ಗಿ ಕೂತು ಓಡಿಸುತ್ತಿದ್ದರು. ಬಗ್ಗಿದರೆ ಎದೆಗೆ ಗಾಳಿ ಕಡಿಮೆ ಹೊಡೆಯುತ್ತದೆ, ಅಷ್ಟೇ ಅದರ ಗುಟ್ಟು. ಬಡವರ ರೇಸ್ ಸೈಕಲ್ ಅನ್ನಿ. ನನಗೆ ಅದೇ ಹಿಡಿಸಿತು. ಬಿಚ್ಚುವ ಕೆಲಸ ತಾನೇ, ಕಷ್ಟ ಏನಿದೆ ಅಂದುಕೊಂಡೆ.

ಈ ಶೈಲಿ ನಮ್ಮೂರಿನಲ್ಲಿ ಮಾಡಲು ಸಲೀಸು ಅನ್ನುವುದಕ್ಕೆ ಇನ್ನೊಂದು ಕಾರಣ ಇತ್ತು. 1885ರಲ್ಲಿ ಸ್ಟಾರ್ಲಿ ಅನ್ನುವವರು ರೋವರ್ ಸೈಕಲ್ ತಂದರು. ಹೆಚ್ಚುಕಮ್ಮಿ ಸಮನಾದ ಎರಡು ಚಕ್ರ, ಹಿಂದಿನ ಚಕ್ರಕ್ಕೆ ಚೈನು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರ್ ಕೊಟ್ಟರು. ಆಮೇಲೆ ಹತ್ತಿಪ್ಪತ್ತು ವರ್ಷದಲ್ಲಿ ಸೈಕಲ್ಲಿನ ಆಕಾರ ಗಟ್ಟಿಯಾಯಿತು. ನಮ್ಮಲ್ಲಿ 1949ರಲ್ಲಿ ಮದ್ರಾಸಿನ ಟಿ.ಐ. ಸೈಕಲ್ ಕಂಪನಿ, 1951ರಲ್ಲಿ ಸೋನಿಪತ್ತಿನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ ಶುರುವಾದಾಗ ಅವರೆಲ್ಲ ಮಾಡಿದ್ದು ಆ ಇಂಗ್ಲಿಷ್ ಸೈಕಲ್ಲನ್ನೇ. ಅಲ್ಲಿನವರು ಅದನ್ನು ಮರೆತರು, ನಾವು ಬಿಡಲಿಲ್ಲ. ಹಾಗಾಗಿ ಲಂಡನ್ನಿನವರು ಹುಡುಕಾಡಿ ತರಿಸಿಕೊಳ್ಳುವ 28 ಇಂಚು, ಒಂದೂವರೆ ಇಂಚಿನ ಟೈರು ಮಾಗಡಿಯಲ್ಲೂ ಮಳವಳ್ಳಿಯಲ್ಲೂ ಕಿರಾಣಿ ಅಂಗಡಿ ಪಕ್ಕದಲ್ಲೇ ನೇತಾಡುತ್ತಿರುತ್ತದೆ. ಎಲ್ಲಿಯವರೆಗೆ ಅನ್ನುವುದು ಬೇರೆ ಮಾತು. ಅಟ್ಲಾಸಿನ ಸಾಹಿಬಾಬಾದ್ ಕಾರ್ಖಾನೆ ಬಾಗಿಲು ಹಾಕಿದ್ದು 2020ರ ಜೂನ್ 3ರಂದು. ಅವತ್ತು ವಿಶ್ವ ಸೈಕಲ್ ದಿನ.

ಫ್ರೇಮ್ ಸಿಕ್ಕಿದ್ದು ಗುಜರಿಯಲ್ಲಿ. ಬ್ರ್ಯಾಂಡಿನ ಹೆಸರು ತುಕ್ಕಿನಲ್ಲಿ ಅಳಿಸಿಹೋಗಿತ್ತು. 22 ಇಂಚಿನದು, ಮುಂದಿನ ಚಕ್ರ ಹಿಡಿಯುವ ಫೋರ್ಕು, ಹ್ಯಾಂಡಲ್ಲು, ಎರಡು ರಿಮ್ಮು ಸೇರಿ ತೂಕಕ್ಕೆ ಹಾಕಿ 700 ರೂಪಾಯಿ ಅಂದ. ಚೌಕಾಸಿ ಮಾಡಲಿಲ್ಲ. ಪೈಪುಗಳು ಕೂಡುವ ಜಾಗದಲ್ಲಿ ಅಂಗಿಯ ತೋಳಿನ ಹಾಗೆ ಇರುತ್ತಲ್ಲ, ಲಗ್ ಅನ್ನುತ್ತಾರೆ, ಅವೆಲ್ಲ ಬಿರುಕಿಲ್ಲದೆ ಗಟ್ಟಿಯಾಗಿದ್ದವು. ಅದನ್ನು ಆಟೋದಲ್ಲಿ ಹಾಕಿಕೊಂಡು ಸೀದಾ ಹನುಮಂತನಗರದ ಯಜಮಾನರ ಹತ್ತಿರ ಹೋದೆ.

ಯಜಮಾನರ ಅಂಗಡಿ ಅಂದರೆ ಒಂದು ಮರ, ಒಂದು ಪಂಪು, ನೀರು ತುಂಬಿದ ಬೋಗುಣಿ, ಒಂದು ತಗಡಿನ ಪೆಟ್ಟಿಗೆ. ವಯಸ್ಸು ಎಪ್ಪತ್ತು ದಾಟಿದೆ. ಹೆಸರು ಹೇಳಬೇಡಿ ಅಂದಿದ್ದಾರೆ. ‘ಹೆಸ್ರು ಹೇಳಿದ್ರೆ ಎಲ್ರೂ ಓರಾಯಿಲ್‌ಗೆ ಬರ್ತಾರೆ, ನನ್ ಕೈಲಾಗಲ್ಲ’ ಅಂತ. ಓವರ್‌ಹಾಲ್ ಅನ್ನುವುದು ನಮ್ಮ ಸೈಕಲ್ ಶಾಪುಗಳಲ್ಲಿ ಓರಾಯಿಲ್ ಆಗಿ ಎಷ್ಟು ಕಾಲವಾಯಿತೋ. ಎಣ್ಣೆ ಹಾಕುವ ಕೆಲಸವೂ ಅದರಲ್ಲಿ ಇರುವುದರಿಂದ ಆ ಹೆಸರೇ ಜಾಸ್ತಿ ಒಪ್ಪುತ್ತದೆ ಅಂತ ನನಗನ್ನಿಸುತ್ತದೆ.

‘ಯಜಮಾನ್ರೇ, ಈ ಹ್ಯಾಂಡಲ್ ತಿರುಗ್ಸಿ ಹಾಕ್ಬೇಕು’ ಅಂದೆ.

‘ಯಾಕಮ್ಮಾ?’

‘ಹಳೇ ಕಾಲದ ರೇಸ್ ಸೈಕಲ್ ಥರ ಕಾಣ್ಲಿ ಅಂತ.’

ಅವರು ಹ್ಯಾಂಡಲ್ಲಿನ ಹಿಡಿಯಿಂದ ಶುರು ಮಾಡಿ ಚಕ್ರದವರೆಗೆ ಗಾಳಿಯಲ್ಲಿ ಬೆರಳು ಓಡಿಸಿದರು. ಆಮೇಲೆ ನನ್ನ ಮುಖ ನೋಡಿದರು.

‘ಹಂಗಾದ್ರೆ ಬ್ರೇಕು?’

ನಾನು ಆ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ.

ಕರೀ ಸೈಕಲ್ಲಿನ ರಾಡ್ ಬ್ರೇಕ್ ನೀವೆಲ್ಲ ನೋಡಿದ್ದೀರಿ. ಹ್ಯಾಂಡಲ್ಲಿನ ಕೆಳಗೆ ಉದ್ದಕ್ಕೂ ಲಿವರ್ ಇರುತ್ತದೆ. ಅದನ್ನು ಹಿಡಿದರೆ ಒಂದು ಕಬ್ಬಿಣದ ಸರಳು ಮೇಲಕ್ಕೆದ್ದು, ಚಕ್ರದ ಮೇಲೆ ಕೂತಿರುವ ಲಾಳದಂಥ ಕಂಬಿಯನ್ನು ಎತ್ತುತ್ತದೆ. ಲಾಳದ ಎರಡು ತುದಿಯಲ್ಲಿ ರಬ್ಬರ್ ಇದೆ. ಅವು ರಿಮ್ಮಿನ ಒಳಮೈಗೆ, ಅಂದರೆ ಚಕ್ರದ ನಡುವಿನ ಹಬ್ ಕಡೆ ನೋಡುವ ಮೈಗೆ, ಕೆಳಗಿನಿಂದ ಒತ್ತುತ್ತವೆ. ಈಗಿನ ಸೈಕಲ್ಲಿನ ಬ್ರೇಕು ರಿಮ್ಮಿನ ಎರಡು ಪಕ್ಕದಿಂದ ಚಿಮಟದ ಹಾಗೆ ಹಿಡಿಯುತ್ತದೆ. ಇದು ಹಾಗಲ್ಲ, ಎತ್ತಿ ಒತ್ತುವ ಬ್ರೇಕು. ಸರಳು ನೆಟ್ಟಗೆ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ಹ್ಯಾಂಡಲ್ ತಿರುಗಿಸಿದ ತಕ್ಷಣ ಲಿವರ್ ಆಕಾಶ ನೋಡುತ್ತದೆ, ಸರಳು ಎಲ್ಲಿಗೂ ಮುಟ್ಟುವುದಿಲ್ಲ.

ಸರಿ, ಚಿಮಟದಂಥ ಬ್ರೇಕೇ ಹಾಕಿಬಿಡೋಣ ಅಂದೆ. ಅವರು ರಿಮ್ಮನ್ನು ನನ್ನ ಕೈಗೆ ಕೊಟ್ಟು ‘ಪಕ್ಕ ಸವರಿ ನೋಡಿ’ ಅಂದರು. ಗುಂಡಗಿದೆ. ವೆಸ್ಟ್‌ವುಡ್ ರಿಮ್ ಅನ್ನುತ್ತಾರೆ ಇದಕ್ಕೆ. ಅಂಚು ಕೊಳವೆ ಥರ ಸುತ್ತಿಕೊಂಡಿರುತ್ತದೆ, ಚಪ್ಪಟೆ ಪಕ್ಕವೇ ಇಲ್ಲ. ಚಿಮಟ ಹಿಡಿಯುವುದಾದರೂ ಏನನ್ನು?

ಹಾಗಾದರೆ ರಿಮ್ಮನ್ನೇ ಬದಲಾಯಿಸೋಣ. ಈಗಿನ ಸೈಕಲ್ಲುಗಳ 26 ಇಂಚಿನ ರಿಮ್ಮು ಬೇಕಾದಷ್ಟು ಸಿಗುತ್ತದೆ. ಒಂದನ್ನು ತಂದು ಸುಮ್ನೆ ಫೋರ್ಕಿನೊಳಗೆ ಇಟ್ಟು ನೋಡಿದೆವು. ಅಣ್ಣನ ಅಂಗಿ ಹಾಕಿಕೊಂಡ ತಮ್ಮನ ಹಾಗಿತ್ತು, ಸುತ್ತ ಜಾಗವೋ ಜಾಗ. ಅದಲ್ಲದೆ ಆ ರಿಮ್ಮಿಗೆ ಕಡ್ಡಿ ಸಿಕ್ಕಿಸುವ ತೂತು 36. ನಮ್ಮ ಕರೀ ಸೈಕಲ್ಲಿನ ಹಬ್ಬುಗಳಿಗೆ ಮುಂದೆ 32, ಹಿಂದೆ 40. ಭಾರ ಬೀಳುವುದು, ಚೈನ್ ಎಳೆಯುವುದು ಹಿಂದಿನ ಚಕ್ರಕ್ಕೆ. ಹಾಗಾಗಿ ಮುಂದಿನದರಿಂದ ನಾಲ್ಕು ಕಡ್ಡಿ ತೆಗೆದು ಹಿಂದಿನದಕ್ಕೆ ಕೊಟ್ಟ ಹಾಗೆ ಈ ಲೆಕ್ಕ. ಇದು ಇಂಗ್ಲಿಷರ ಹಳೇ ರೂಢಿ, ನಾವು ಹಾಗೇ ಉಳಿಸಿಕೊಂಡಿದ್ದೇವೆ. ರಿಮ್ ಬದಲಾದರೆ ಹಬ್ ಬದಲಾಗಬೇಕು, ಹಬ್ ಬದಲಾದರೆ ಆಕ್ಸಲ್ ಅಳತೆ ಬದಲಾಗುತ್ತದೆ. ಸೀರೆಯ ಒಂದು ಎಳೆ ಎಳೆಯಲು ಹೋಗಿ ಸೆರಗೇ ಕೈಗೆ ಬಂದ ಹಾಗಾಯಿತು. ಹ್ಯಾಂಡಲ್ ಒಂದನ್ನು ತಿರುಗಿಸಿದ್ದಕ್ಕೆ ಇಡೀ ಸೈಕಲ್ಲೇ ಬೇರೆಯಾಗಲು ಹೊರಟಿತ್ತು.

ಎರಡು ವಾರ ಇದರಲ್ಲೇ ಹೋಯಿತು. ಇಂಗ್ಲೆಂಡಿನ ಆ ಹುಡುಗರು ಏನು ಮಾಡುತ್ತಿದ್ದರು ಅಂತ ಹುಡುಕಿದೆ. ಕೆಲವರು ಫಿಕ್ಸೆಡ್ ಚಕ್ರ ಹಾಕುತ್ತಿದ್ದರು, ಅಂದರೆ ಫ್ರೀವೀಲ್ ಇಲ್ಲ, ಚಕ್ರ ತಿರುಗಿದಷ್ಟೂ ಪೆಡಲ್ ತಿರುಗುತ್ತದೆ, ಕಾಲಿನಲ್ಲೇ ತಡೆಯಬೇಕು. ಸಿಲ್ಕ್ ಬೋರ್ಡಿನಂಥ ಟ್ರಾಫಿಕ್ ಇರುವ ಊರಿನಲ್ಲಿ ಅದನ್ನು ಮಾಡುವ ಧೈರ್ಯ ನನಗಿಲ್ಲ. ಆದರೆ ಹುಡುಕುವಾಗ ಇನ್ನೊಂದು ಸಿಕ್ಕಿತು. 1896ರಲ್ಲಿ ಬೌಡನ್ ಅನ್ನುವವರು ಹೊರಗೆ ಕವಚ, ಒಳಗೆ ತಂತಿ ಇರುವ ಕೇಬಲ್ಲಿಗೆ ಪೇಟೆಂಟ್ ಪಡೆದರು. ಇವತ್ತಿಗೂ ಸ್ಕೂಟರಿನ ಕ್ಲಚ್ ಕೇಬಲ್ ಅದೇ. ಆರಂಭದ ಬೌಡನ್ ಬ್ರೇಕುಗಳಲ್ಲಿ ಆ ತಂತಿ ಎಳೆಯುತ್ತಿದ್ದದ್ದು ಚಿಮಟವನ್ನಲ್ಲ, ಇದೇ ಲಾಳವನ್ನು! ಅಂದರೆ ಸರಳನ್ನು ತೆಗೆದು ಅದರ ಜಾಗಕ್ಕೆ ಕೇಬಲ್ ಹಾಕಿದರೆ ರಿಮ್ಮೂ ಉಳಿಯಿತು, ಹಬ್ಬೂ ಉಳಿಯಿತು, ಹ್ಯಾಂಡಲ್ಲೂ ತಿರುಗಿತು. ಕೇಬಲ್ ಹೇಗೆ ಬಗ್ಗಿದರೂ ಎಳೆಯುತ್ತದಲ್ಲ.

ಯಜಮಾನರಿಗೆ ಚಿತ್ರ ತೋರಿಸಿದೆ. ಅವರು ಹೆಚ್ಚು ಹೊತ್ತು ನೋಡಲಿಲ್ಲ. ‘ಇದಾಗತ್ತೆ’ ಅಂದರು.

ಆಗಿದ್ದು ಅಷ್ಟು ಸುಲಭವಾಗಿ ಅಲ್ಲ. ಕೇಬಲ್ಲಿನ ಕವಚ ಬಂದು ಕೂರಲು ಫೋರ್ಕಿನ ತಲೆಯ ಮೇಲೊಂದು ಸಣ್ಣ ಬ್ರಾಕೆಟ್ ಬೇಕು. ಹಿಂದಿನ ಲಾಳ ಮೇಲಕ್ಕಲ್ಲ, ಪೆಡಲ್ ಕಡೆಗೆ ಮುಂದಕ್ಕೆ ಎಳೆಯಬೇಕು, ಅದಕ್ಕೆ ಇನ್ನೊಂದು. ಕಾಮಾಕ್ಷಿಪಾಳ್ಯದ ಒಂದು ಲೇತ್ ಶಾಪಿನಲ್ಲಿ ಎರಡನ್ನೂ ಮಾಡಿಸಿದೆ. ಅಲ್ಲಿನ ಹುಡುಗ ಆರ್ಕ್ ವೆಲ್ಡ್ ಮಾಡಿ ಅಂಟಿಸಿಬಿಡುತ್ತೇನೆ ಅಂತ ಹೊರಟಿದ್ದ. ಯಜಮಾನರು ಫೋನಿನಲ್ಲೇ ಕೂಗಾಡಿದರು. ಈ ಪೈಪಿನ ಗೋಡೆ ತೆಳು, ಆರ್ಕಿಗೆ ತೂತು ಬೀಳುತ್ತದೆ. ಫ್ರೇಮ್ ಹುಟ್ಟಿದ್ದು ಹಿತ್ತಾಳೆ ಬೆಸುಗೆಯಿಂದ, ರಿಪೇರಿಯೂ ಅದರಲ್ಲೇ ಆಗಬೇಕು. ಉಕ್ಕು ಕರಗಲು 1,500 ಡಿಗ್ರಿ ಹತ್ತಿರ ಬೇಕು, ಹಿತ್ತಾಳೆ 900ರ ಆಸುಪಾಸಿನಲ್ಲೇ ಹರಿಯುತ್ತದೆ. ಪೈಪ್ ಕೆಂಪಾಗುತ್ತದೆ, ಕರಗುವುದಿಲ್ಲ.

ಅದನ್ನು ಹತ್ತಿರದಿಂದ ನೋಡಿದ್ದು ನನಗೆ ಮರೆಯುವುದಿಲ್ಲ. ಕಬ್ಬಿಣವನ್ನು ಉಜ್ಜಿ ಬೆಳ್ಳಗೆ ಮಾಡಿ, ಬಿಳಿಗಾರವನ್ನು ನೀರಿನಲ್ಲಿ ಕಲೆಸಿ ಹಚ್ಚಿದರು. ಅಕ್ಕಸಾಲಿಗರು ಬಳಸುವ ಅದೇ ಬಿಳಿಗಾರ. ಗ್ಯಾಸ್ ಜ್ವಾಲೆ ತಾಗಿದ ಮೇಲೆ ಅದು ಮೊದಲು ಹಪ್ಪಳದ ಹಾಗೆ ಉಬ್ಬಿತು, ಆಮೇಲೆ ಇಳಿದು ಗಾಜಿನ ಹಾಗೆ ತಿಳಿಯಾಯಿತು. ಆಗ ಹಿತ್ತಾಳೆ ಕಡ್ಡಿ ಮುಟ್ಟಿಸಿದರು. ಒಂದು ಹನಿ ನಿಂತಿತು, ನಿಂತೇ ಇತ್ತು, ಇದ್ದಕ್ಕಿದ್ದ ಹಾಗೆ ಸಂದಿಯೊಳಗೆ ನುಗ್ಗಿ ಆಚೆ ಕಡೆ ಗೆರೆಯಾಗಿ ಮೂಡಿತು. ಬತ್ತಿ ಎಣ್ಣೆ ಹೀರುವ ಹಾಗೆ. ಒತ್ತಿ ತುಂಬುವುದಲ್ಲ, ಸಂದಿಯೇ ಎಳೆದುಕೊಳ್ಳುವುದು. ನಾನು ‘ಇನ್ನೊಂದು ಸಲ ಮಾಡಿ’ ಅಂದೆ. ಹುಡುಗ ನಕ್ಕ.

ಬ್ರೇಕ್ ಲಿವರ್? ಅದಕ್ಕೆ ಹಳೇ ಲೂನಾ ಮೊಪೆಡ್ಡಿನ ಲಿವರ್. ಕರೀ ಸೈಕಲ್ಲಿನ ಹ್ಯಾಂಡಲ್ ಪೈಪಿನ ದಪ್ಪ ಮುಕ್ಕಾಲು ಇಂಚಿನ ಮೇಲೆ ಒಂದು ಎಂಟನೇ ಇಂಚು, ಮೊಪೆಡ್, ಮೋಟಾರ್ ಸೈಕಲ್ಲಿನದೂ ಅಷ್ಟೇ. ಎರಡಕ್ಕೂ ಮೂಲ ಒಂದೇ ಅಲ್ವಾ. ಕೇಬಲ್ಲಿನ ತಲೆ ಮಾತ್ರ ಹೊಂದಲಿಲ್ಲ, ಹಿತ್ತಾಳೆಯ ಒಂದು ಸಣ್ಣ ತುಂಡು ಕೊರೆಸಿ ಸಿಕ್ಕಿಸಿದೆ.

ರಿಮ್ ಬದಲಾಯಿಸುವ ಹಟ ಬಿಟ್ಟದ್ದಕ್ಕೆ ಇನ್ನೊಂದು ಲಾಭ ಆಯಿತು. ಚಿಕ್ಕಪೇಟೆ ಕಡೆಯ ಸಂಡೆ ಬಜಾರಿಗೆ ಸುಮ್ನೆ ಹೋಗಿದ್ದೆ. ಹಳೇ ಫ್ಯಾನು, ನಲ್ಲಿ, ಮಿಕ್ಸಿ ಜಾರುಗಳ ನಡುವೆ ಒಂದು ದಪ್ಪ ಹಬ್ ಬಿದ್ದಿತ್ತು. ಮಾರುವವನು ಡೈನಮೋ ಅಂದುಕೊಂಡಿದ್ದ. ಎತ್ತಿ ಉಗುರಿನಿಂದ ಕೊಳೆ ಕೆರೆದೆ. ಸ್ಟರ್ಮಿ ಆರ್ಚರ್ ಅಂತ ಇತ್ತು, ಕೆಳಗೆ ಎ.ಡಬ್ಲ್ಯು. ಅನ್ನುವ ಮಾದರಿಯ ಹೆಸರು, ಪಕ್ಕದಲ್ಲಿ 58. ಆ ಕಂಪನಿ ಹಬ್ಬಿನ ಮೇಲೆ ತಯಾರಾದ ವರ್ಷವನ್ನೇ ಒತ್ತುತ್ತಿತ್ತು, ಅಂದರೆ 1958ರದು. ಒಳಗೇ ಮೂರು ಗೇರು ಇರುವ ಹಬ್. ನಾನು ಅಲ್ಲೇ ಕೂತು ತೂತು ಎಣಿಸಿದೆ. ಒಂದು ಕಡೆ ಇಪ್ಪತ್ತು, ಇನ್ನೊಂದು ಕಡೆ ಇಪ್ಪತ್ತು. ನಲವತ್ತು! ನನ್ನ ಹತ್ತಿರ ಇದ್ದ ಗುಜರಿ ರಿಮ್ಮಿಗೆ ಹೇಳಿ ಮಾಡಿಸಿದ ಹಾಗೆ. ಮುಖದಲ್ಲಿ ಏನೂ ತೋರಿಸಿಕೊಳ್ಳದೆ 350ಕ್ಕೆ ತಂದೆ. ಲೆಕ್ಕ ಬರೆಯುವವರಿಗೆ ಈ ಮುಖಭಾವ ಸಾಧನೆಯಾಗಿರುತ್ತದೆ.

ಬಿಚ್ಚಿದರೆ ಒಳಗೆ ನಡುವಿನಲ್ಲಿ ತಿರುಗದೆ ನಿಂತ 20 ಹಲ್ಲಿನ ಗೇರು, ಅದರ ಸುತ್ತ 20 ಹಲ್ಲಿನ ನಾಲ್ಕು ಸಣ್ಣ ಗೇರು, ಎಲ್ಲವನ್ನೂ ಸುತ್ತಿಕೊಂಡು 60 ಹಲ್ಲಿನ ಬಳೆ. ಸೂರ್ಯ, ಗ್ರಹ ಅಂತಲೇ ಕರೆಯುತ್ತಾರೆ. ನವಗ್ರಹ ಗುಡಿ ಸುತ್ತಿದವರಿಗೆ ಬೇಗ ಅರ್ಥವಾಗುತ್ತದೆ. 20ನ್ನು 60ರಿಂದ ಭಾಗಿಸಿದರೆ ಮೂರನೇ ಒಂದು ಭಾಗ, ಅಷ್ಟೇ ಈ ಹಬ್ಬಿನ ಗಣಿತ. ಮೂರನೇ ಗೇರಿನಲ್ಲಿ ಚಕ್ರ ಮೂರನೇ ಒಂದು ಭಾಗ ಜಾಸ್ತಿ ತಿರುಗುತ್ತದೆ. ಎರಡರಲ್ಲಿ ನೇರ. ಒಂದರಲ್ಲಿ ಅದೇ ಲೆಕ್ಕ ತಿರುವುಮುರುವಾಗಿ ಮುಕ್ಕಾಲು ಸುತ್ತಿಗೆ ಇಳಿಯುತ್ತದೆ. ಮುಂದೆ 44 ಹಲ್ಲು, ಹಿಂದೆ 18 ಹಾಕಿದ್ದೇನೆ. ಒಂದು ಸಲ ಪೆಡಲ್ ಪೂರ್ತಿ ತುಳಿದರೆ ಎರಡನೇ ಗೇರಿನಲ್ಲಿ ಸುಮಾರು ಐದೂವರೆ ಮೀಟರ್ ಹೋಗುತ್ತದೆ, ಮೂರರಲ್ಲಿ ಏಳು ಮೀಟರ್ ದಾಟುತ್ತದೆ, ಒಂದರಲ್ಲಿ ನಾಲ್ಕು ಚಿಲ್ಲರೆ. ಚಾಮರಾಜಪೇಟೆಯಿಂದ ಬುಲ್ ಟೆಂಪಲ್ ರಸ್ತೆ ಹತ್ತುವಾಗ ಆ ನಾಲ್ಕು ಚಿಲ್ಲರೆಯ ಬೆಲೆ ಗೊತ್ತಾಗುತ್ತದೆ. ಸೀಮೆಎಣ್ಣೆಯಲ್ಲಿ ಎರಡು ರಾತ್ರಿ ನೆನೆಸಿ, ತೊಳೆದು, ಎಣ್ಣೆ ಬಿಟ್ಟ ಮೇಲೆ ಆ ಹಬ್ ಏನೂ ಆಗದ ಹಾಗೆ ತಿರುಗಿತು.

ಕಡ್ಡಿ ಕಟ್ಟುವ ಕೆಲಸ ನಾನೇ ಮಾಡುತ್ತೇನೆ ಅಂತ ಹಟ ಹಿಡಿದೆ. ಮುಂದೆ 32, ಹಿಂದೆ 40, ಒಟ್ಟು 72. ಸಂಗೀತ ಕಲಿತವರಿಗೆ ಈ ಸಂಖ್ಯೆ ಕೇಳಿದ ತಕ್ಷಣ ಮೇಳಕರ್ತ ರಾಗಗಳು ನೆನಪಾಗುತ್ತವೆ. ಕಾಕತಾಳೀಯ ಅಂತ ಗೊತ್ತು, ಆದರೆ ಕಡ್ಡಿಯನ್ನು ಬಿಗಿ ಮಾಡುವಾಗ ಬೆರಳಿನಿಂದ ಮೀಟಿ ಸದ್ದು ಕೇಳಲೇಬೇಕು. ಒಂದೇ ಕಡೆಯ ಕಡ್ಡಿಗಳೆಲ್ಲ ಹೆಚ್ಚುಕಮ್ಮಿ ಒಂದೇ ಶ್ರುತಿಯಲ್ಲಿ ಇರಬೇಕು. ಒಂದು ದಪ್ಪ ದನಿ ಬಂದರೆ ಅದು ಸಡಿಲ. ನಮ್ಮ ಮನೆಯಲ್ಲಿ ಆ ವಾರ ಊಟ ಆದ ಮೇಲೆ ‘ಟಿಣ್ ಟಿಣ್’ ಅಂತ ಒಂದೇ ಕಚೇರಿ.

ಮೊದಲ ಸಲ ಕಟ್ಟಿದ ಚಕ್ರ ನೋಡಲು ಚೆನ್ನಾಗಿತ್ತು. ಯಜಮಾನರು ಒಂದೇ ನೋಟದಲ್ಲಿ ‘ಬಿಚ್ಚಿ’ ಅಂದರು. ನಾನು ವಾಲ್ವಿನ ತೂತು ನೋಡಿಕೊಳ್ಳದೆ ಕಟ್ಟಿದ್ದೆ. ಕಡ್ಡಿಗಳು ಒಂದಕ್ಕೊಂದು ವಾಲುವ ಜಾಗದಲ್ಲಿ ವಾಲ್ವ್ ಸಿಕ್ಕಿಕೊಂಡಿತ್ತು, ಪಂಪಿನ ಬಾಯಿ ತೂರಿಸಲು ಜಾಗವಿಲ್ಲ. ವಾಲ್ವಿನ ಎರಡು ಪಕ್ಕದ ಕಡ್ಡಿಗಳು ಒಂದರಿಂದೊಂದು ದೂರ ಸರಿದಿರಬೇಕು. ನಲವತ್ತನ್ನೂ ಬಿಚ್ಚಿ ಮತ್ತೆ ಕಟ್ಟಿದೆ. ಪ್ರತಿ ಕಡ್ಡಿ ಬೇರೆ ನಾಲ್ಕನ್ನು ದಾಟಿ ಹೋಗಬೇಕು, ನಾಲ್ಕನೆಯದನ್ನು ಮಾತ್ರ ಹಿಂದಿನಿಂದ. ಹೂ ಕಟ್ಟಿದ ಅಭ್ಯಾಸ ಇದ್ದವರಿಗೆ ಕೈ ಬೇಗ ಬರುತ್ತದೆ ಅಂತ ನನ್ನ ಅನುಭವ. ಬೆಂಡ್ ತೆಗೆಯುವುದು ಮಾತ್ರ ಬೇಗ ಬರುವುದಿಲ್ಲ. ಚಕ್ರ ತಿರುಗಿಸಿ ಸೀಮೆಸುಣ್ಣ ಹಿಡಿದರೆ ಉಬ್ಬಿದ ಜಾಗಕ್ಕೆ ಗುರುತು ಬೀಳುತ್ತದೆ. ಆ ಕಡೆಯದು ಸಡಿಲ, ಎದುರಿನದು ಬಿಗಿ. ‘ಕಾಲು ಸುತ್ತು. ಅದಕ್ಕಿಂತ ಜಾಸ್ತಿ ಬೇಡ’ ಅಂತ ಯಜಮಾನರು ಬೀಡಿ ಸೇದುತ್ತಾ ಹೇಳುತ್ತಿದ್ದರು. ನಾನು ಅರ್ಧ ಸುತ್ತು ತಿರುಗಿಸುತ್ತಿದ್ದೆ. ಮೂರು ಸಂಜೆ ಹಿಡಿಯಿತು.

ಬಣ್ಣದ ಕಥೆ ಬೇಗ ಹೇಳಿ ಮುಗಿಸುತ್ತೇನೆ, ಅದರಲ್ಲಿ ನನಗೆ ಮರ್ಯಾದೆ ಇಲ್ಲ. ಮೊದಲು ಪೀಣ್ಯದಲ್ಲಿ ಪೌಡರ್ ಕೋಟಿಂಗ್ ಮಾಡಿಸಿದೆ. ಕಪ್ಪಗೆ, ದಪ್ಪಗೆ, ಪ್ಲಾಸ್ಟಿಕ್ ಬಕೆಟ್ಟಿನ ಹಾಗೆ ಬಂತು. ಲಗ್ಗುಗಳ ಚೂಪಾದ ಅಂಚೆಲ್ಲ ಮುಳುಗಿಹೋಯಿತು, ಥ್ರೆಡ್‌ಗಳಲ್ಲೂ ಬಣ್ಣ ತುಂಬಿತು. ಥ್ರೆಡ್ ಮುಚ್ಚಿ ಹೊಡೆಯಿರಿ ಅಂತ ನಾನು ಹೇಳಿರಲೇ ಇಲ್ಲ. 1,800 ರೂಪಾಯಿ ನೀರಿಗೆ. ಕೆರೆದು ತೆಗೆದು ಎನಾಮೆಲ್ ಹೊಡೆಸಿದೆ. ಚಿನ್ನದ ಗೆರೆ ಎಳೆದವರು ನಂಬರ್ ಪ್ಲೇಟ್ ಬರೆಯುವ ಒಬ್ಬ ಕಲಾವಿದರು. ಉದ್ದ ಕೂದಲಿನ ಬ್ರಷ್ಷು, ಕಿರುಬೆರಳನ್ನು ಪೈಪಿಗೆ ಊರಿ ಉಸಿರು ಬಿಗಿಹಿಡಿದು ಒಂದೇ ಎಳೆತ. ಸ್ಟಿಕ್ಕರ್ ಬಂದ ಮೇಲೆ ಗೆರೆ ಎಳೆದೇ ಇರಲಿಲ್ಲವಂತೆ. ಮೊದಲ ಗೆರೆ ಸ್ವಲ್ಪ ನಡುಗಿದೆ, ಎಡಗಡೆ ಕೆಳಗಿನ ಪೈಪಿನಲ್ಲಿ ನೋಡಿ. ಅಳಿಸುತ್ತೇನೆ ಅಂದರು, ನಾನು ಬಿಡಲಿಲ್ಲ.

ಕಾಟರ್ ಪಿನ್ ಬಗ್ಗೆ ಒಂದು ಮಾತು, ಇಲ್ಲಿ ಯಾರಾದರೂ ಮನೆಯಲ್ಲಿ ಪ್ರಯತ್ನ ಮಾಡುವವರಿದ್ದರೆ. ಪೆಡಲಿನ ಕ್ರ್ಯಾಂಕನ್ನು ಆಕ್ಸಲ್ಲಿಗೆ ಹಿಡಿದಿಡುವ ಇಳಿಜಾರಿನ ಪಿನ್ ಅದು. ಹೊಸ ಪಿನ್ನನ್ನು ಅರದಿಂದ ಉಜ್ಜಿ ಹೊಂದಿಸಬೇಕು. ಎರಡು ಪಿನ್ನಿನ ಇಳಿಜಾರು ಸಮ ಇಲ್ಲದಿದ್ದರೆ ಒಂದು ಪೆಡಲ್ ಆರು ಗಂಟೆಯಲ್ಲಿದ್ದಾಗ ಇನ್ನೊಂದು ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗಲೇ ನಿಲ್ಲುತ್ತದೆ, ತುಳಿದರೆ ಕುಂಟಿದ ಹಾಗಾಗುತ್ತದೆ. ಸುತ್ತಿಗೆಯಿಂದ ಹೊಡೆಯುವಾಗ ಕ್ರ್ಯಾಂಕಿನ ಕೆಳಗೆ ಒಂದು ಕಬ್ಬಿಣದ ಪೈಪ್ ನೆಲಕ್ಕೆ ಊರಿ ಆಸರೆ ಕೊಡಿ. ಇಲ್ಲದಿದ್ದರೆ ಏಟೆಲ್ಲ ಒಳಗಿನ ಬಾಲ್ಸ್‌ಗೆ ಹೋಗಿ ಅವು ಕೂರುವ ಬಟ್ಟಲಿನಲ್ಲಿ, ಅಂದರೆ ಕಪ್‌ನಲ್ಲಿ, ಗುಳಿ ಬೀಳುತ್ತದೆ. ಒಂದು ಪಕ್ಕಕ್ಕೆ ಹನ್ನೊಂದರಂತೆ ಕಾಲಿಂಚಿನ ಬಾಲ್ಸು. ಬಲಗಡೆ ಕಪ್‌ಗೆ ಉಲ್ಟಾ ಥ್ರೆಡ್ಡು, ಎಲ್ಲರ ಹಾಗೆ ತಿರುಗಿಸಿದರೆ ಇನ್ನೂ ಬಿಗಿಯಾಗುತ್ತದೆ. ಸ್ಪ್ಯಾನರಿನ ಮೇಲೆ ಹತ್ತಿ ನಿಂತು ಅರ್ಧ ದಿನ ಕಳೆದ ಮೇಲೆ ನನಗಿದು ಗೊತ್ತಾಯಿತು.

ಈಗ ಬಿದ್ದ ಕಥೆ.

ಸೈಕಲ್ ತಯಾರಾದದ್ದು ಕಡಲೆಕಾಯಿ ಪರಿಷೆಗೆ ಎರಡು ದಿನ ಮುಂಚೆ. ಬೆಳಿಗ್ಗೆ ಐದೂವರೆಗೆ ಎದ್ದು ಬಸವನ ಗುಡಿಯ ಮುಂದಿನಿಂದ ರಾಮಕೃಷ್ಣ ಆಶ್ರಮದ ಕಡೆ ಇಳಿದೆ. ರಾತ್ರಿ ಜಿನುಗು ಮಳೆ ಬಂದಿತ್ತು. ಪರಿಷೆಗೆ ಬಂದವರು ರಸ್ತೆ ಬದಿಯಲ್ಲಿ ಆಗಲೇ ಮೂಟೆ ಇಳಿಸಿಕೊಂಡು ಮಲಗಿದ್ದರು. ಕ್ರೋಮ್ ರಿಮ್ ಒದ್ದೆಯಾದರೆ ಈ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ, ಅದು ಗೊತ್ತಿತ್ತು, ನಿಧಾನವಾಗೇ ಇದ್ದೆ. ಒಂದು ನಾಯಿ ಅಡ್ಡ ಬಂತು. ಮುಂದಿನ ಬ್ರೇಕ್ ಹಿಡಿದೆ. ಒಂದು ಕ್ಷಣ ಹಿಡಿಯಿತು, ಆಮೇಲೆ ‘ಟಪ್’ ಅಂತ ಏನೋ ಹಾರಿತು, ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಕರ್ಕಶ ಸದ್ದು. ನಾನು ಹೋಗಿ ಕಡಲೆಕಾಯಿ ಮೂಟೆಗೆ ಗುದ್ದಿದೆ. ಮೆತ್ತಗಿತ್ತು, ಪುಣ್ಯ. ಮೂಟೆಯ ಆಚೆ ಮಲಗಿದ್ದ ಅಜ್ಜಿ ಎದ್ದು ಕೂತು ‘ಬಿರೇಕ್ ಇಲ್ವೇನವ್ವಾ ಇದುಕ್ಕೆ?’ ಅಂತ ಕೇಳಿದರು. ನಾಚಿಕೆಗೆ ಎರಡು ಸೇರು ಕೊಂಡುಕೊಂಡೆ. ಅದನ್ನು ಪಂದ್ಯದ ಖರ್ಚಿಗೆ ಸೇರಿಸಿಲ್ಲ.

ಹಾರಿದ್ದು ಬ್ರೇಕ್ ರಬ್ಬರ್. ಅದು ಕೂರುವ ಲೋಹದ ಶೂಗೆ ಒಂದು ತುದಿ ತೆರೆದಿರುತ್ತದೆ, ಇನ್ನೊಂದು ಮುಚ್ಚಿರುತ್ತದೆ. ಮುಚ್ಚಿದ ತುದಿ ಚಕ್ರ ತಿರುಗುವ ದಿಕ್ಕಿಗೆ ಇರಬೇಕು. ಆಗ ಬ್ರೇಕ್ ಹಿಡಿದಾಗ ರಿಮ್ಮು ರಬ್ಬರನ್ನು ಆ ಗೋಡೆಗೆ ಒತ್ತುತ್ತದೆ. ನಾನು ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದ್ದೆ. ತೆರೆದ ಬಾಯಿ ಮುಂದಕ್ಕಿತ್ತು, ರಬ್ಬರ್ ಆಚೆ ಜಾರಿಹೋಯಿತು. ಎರಡು ವಾರ ಬೌಡನ್ ಪೇಟೆಂಟು, ಕೇಬಲ್ಲು, ಬ್ರಾಕೆಟ್ಟು ಅಂತ ತಲೆ ಕೆಡಿಸಿಕೊಂಡವಳಿಗೆ, ಊರಿನ ಎಲ್ಲ ಸೈಕಲ್ ಶಾಪಿನ ಹುಡುಗರಿಗೂ ಗೊತ್ತಿರುವ ಇದು ಗೊತ್ತಿರಲಿಲ್ಲ. ಯಜಮಾನರು ಎರಡನ್ನೂ ಅದಲುಬದಲು ಮಾಡಿ ಹಾಕಿದರು. ಬಯ್ಯಲಿಲ್ಲ. ಕಡಲೆಕಾಯಿ ಬಿಡಿಸಿ ತಿಂದರು.

ಪಂದ್ಯದ ದಿನ ಹನ್ನೊಂದು ಸೈಕಲ್ ಬಂದಿದ್ದವು. ನನ್ನದಕ್ಕೆ ಮೂರನೇ ಸ್ಥಾನ. ಲೂನಾ ಲಿವರಿಗೆ ಅಂಕ ಕತ್ತರಿಸಿದರು, ನ್ಯಾಯವೇ. ಒಟ್ಟು ಖರ್ಚು 13,210, ಹಾಳಾದ ಪೌಡರ್ ಕೋಟಿಂಗ್ ಸೇರಿ. ತೂಕ ಹದಿನೈದು ಕಿಲೋ ಹತ್ತಿರ. ಎಲ್ಲ ಹಾಕಿದ ಕರೀ ಸೈಕಲ್ಲು ಇಪ್ಪತ್ತರ ಮೇಲೆ ತೂಗುತ್ತದೆ. ಗೆದ್ದದ್ದು ಒಂದು ಹಾಲಿನ ಸೈಕಲ್. ಎರಡು ಕ್ಯಾನು ನೇತುಹಾಕುವ ಕೊಕ್ಕೆ, ಎರಡು ಕಾಲಿನ ಸ್ಟ್ಯಾಂಡು, ರಾಡ್ ಬ್ರೇಕು, ಎಲ್ಲವೂ ಇದ್ದಲ್ಲೇ ಇದ್ದವು. ಕಟ್ಟಿದ ಹುಡುಗ ಕ್ಯಾನಿನಲ್ಲಿ ನಿಜವಾಗಿ ಹಾಲು ತುಂಬಿಕೊಂಡು ಬಂದಿದ್ದ, ಒಂದು ತೊಟ್ಟು ಚೆಲ್ಲಿರಲಿಲ್ಲ. ತೀರ್ಪು ಕೇಳಿದ್ದರೆ ನಾನೂ ಅವನಿಗೇ ಕೊಡುತ್ತಿದ್ದೆ. ಆಮೇಲೆ ಅದೇ ಹಾಲಿನಲ್ಲಿ ಎಲ್ಲರಿಗೂ ಕಾಫಿ ಆಯಿತು.

ಮಾರನೇ ದಿನ ಯಜಮಾನರಿಗೆ ಸೈಕಲ್ ತೋರಿಸಲು ಹೋದೆ. ಸುತ್ತ ಒಂದು ಸಲ ನಡೆದರು. ಗೆರೆ ನೋಡಲಿಲ್ಲ, ಹಬ್ ನೋಡಲಿಲ್ಲ. ಬಗ್ಗಿ ಬ್ರೇಕ್ ಶೂ ಮುಚ್ಚಿದ ಬಾಯಿ ಎತ್ತ ಇದೆ ಅಂತ ನೋಡಿದರು. ಆಮೇಲೆ ಸೀಟಿನ ಹಿಂದಿನ ಖಾಲಿ ಜಾಗದ ಮೇಲೆ ಕೈ ಆಡಿಸಿ ‘ಕ್ಯಾರಿಯರ್ ಯಾವಾಗ ಹಾಕಿಸ್ತೀರಮ್ಮ?’ ಅಂದರು.

ಇಲ್ಲಿ ಮಾತು ನಿಲ್ಲಿಸಿದಾಗ ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಓಡಿಸಿ ನೋಡಬಹುದಾ ಅಂತ ಕೇಳಿದಳು. ಖಂಡಿತ. ಎಲ್ಲರೂ ನೋಡಿ, ಹೊರಗೆ ಗೇಟಿನವರೆಗೆ ಜಾಗ ಇದೆ. ಎರಡು ವಿಷಯ ನೆನಪಿಡಿ. ಎಡಗೈ ಲಿವರ್ ಹಿಂದಿನ ಬ್ರೇಕು, ಮೊದಲು ಅದನ್ನು ಹಿಡಿಯಿರಿ. ಗೇರ್ ಬದಲಾಯಿಸುವಾಗ ತುಳಿಯುವುದನ್ನು ಒಂದು ಕ್ಷಣ ನಿಲ್ಲಿಸಿ. ಎರಡಕ್ಕೂ ಮೂರಕ್ಕೂ ನಡುವೆ ಈ ಹಬ್ಬಿನಲ್ಲಿ ಒಂದು ಖಾಲಿ ಜಾಗ ಇದೆ. ಅಲ್ಲಿ ಸಿಕ್ಕಿದರೆ ಪೆಡಲ್ ಗಾಳಿಯಲ್ಲಿ ತುಳಿದ ಹಾಗೆ ತಿರುಗಿಬಿಡುತ್ತದೆ, ಮೊಣಕಾಲು ಹೋಗಿ ಹ್ಯಾಂಡಲ್ಲಿಗೆ ಬಡಿಯುತ್ತದೆ. ಆಮೇಲೆ ತಂದು ಇದೇ ಗೋಡೆಗೆ ಒರಗಿಸಿ.